ಪಾಲ್ ಫ್ಲೋರಿ: ಕಾರ್ಖಾನೆಯ ಅಂಗಳದಲ್ಲಿ ಬೆಳೆದ ಪಾಲಿಮರ್ ಸಿದ್ಧಾಂತ

ಎಂ.ಎಸ್ಸಿ. ಮುಗಿಸುವ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಪ್ರತಿವರ್ಷ ಕೇಳುವ ಪ್ರಶ್ನೆ ಒಂದಿದೆ: “ಸಾರ್, ಮೂಲಭೂತ ಸಂಶೋಧನೆ ಮಾಡಬೇಕಾದರೆ ವಿಶ್ವವಿದ್ಯಾಲಯದಲ್ಲೇ ಇರಬೇಕಲ್ಲವೆ? ಕಂಪನಿಗೆ ಸೇರಿದರೆ ವಿಜ್ಞಾನ ಬಿಟ್ಟ ಹಾಗೆಯೇ ಅಲ್ಲವೆ?” ಉತ್ತರವಾಗಿ ನಾನು ಪಾಲ್ ಜಾನ್ ಫ್ಲೋರಿ ಅವರ ಕತೆ ಹೇಳುತ್ತೇನೆ. 1974ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಪೂರ್ತಿಯಾಗಿ ಅವರೊಬ್ಬರಿಗೇ ಸಂದಿತು. ಅವರ ಮುಖ್ಯ ಕೆಲಸದ ದೊಡ್ಡ ಪಾಲು ನಡೆದದ್ದು ನೂಲು, ಪೆಟ್ರೋಲಿಯಂ ಮತ್ತು ಟೈರಿನ ಕಂಪನಿಗಳಲ್ಲಿ.

ಫ್ಲೋರಿ 1910ರ ಜೂನ್ 19ರಂದು ಅಮೆರಿಕದ ಇಲಿನಾಯ್ ರಾಜ್ಯದ ಸ್ಟರ್ಲಿಂಗ್‌ನಲ್ಲಿ ಜನಿಸಿದರು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1934ರಲ್ಲಿ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ದ್ಯುತಿರಸಾಯನಕ್ಕೆ ಸೇರಿದ್ದು. ಪಾಲಿಮರ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ಅದೇ ವರ್ಷ ಡುಪಾಂಟ್ ಕಂಪನಿಗೆ ಸೇರಿದಾಗ ಅವರನ್ನು ವಾಲೇಸ್ ಕೆರೋಥರ್ಸ್ ಅವರ ತಂಡಕ್ಕೆ ಹಾಕಲಾಯಿತು. ಕೆರೋಥರ್ಸ್ ಕೂಡ ಹಾರ್ವರ್ಡ್ ಬಿಟ್ಟು 1928ರಲ್ಲಿ ಕಂಪನಿಗೆ ಬಂದವರು, ನೈಲಾನ್ ರೂಪಿಸಿದವರು.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ರಬ್ಬರು, ಸೆಲ್ಯುಲೋಸ್ ಮುಂತಾದವು ಸಾವಿರಾರು ಘಟಕಗಳು ರಾಸಾಯನಿಕ ಬಂಧಗಳಿಂದ ಕೂಡಿದ ಉದ್ದನೆಯ ಅಣುಗಳೆಂದು ಜರ್ಮನಿಯ ಸ್ಟೌಡಿಂಗರ್ 1920ರಲ್ಲಿ ವಾದಿಸಿದ್ದರು. ಅವು ಸಣ್ಣ ಅಣುಗಳ ಗುಂಪುಗಳಷ್ಟೇ ಎಂದು ನಂಬಿದ್ದವರೇ ಆಗ ಹೆಚ್ಚು. ಕೆರೋಥರ್ಸ್ ಅಂಥ ಸರಪಳಿಗಳನ್ನು ಹಂತಹಂತವಾಗಿ ಕಟ್ಟಿ ತೋರಿಸಿದ ಮೇಲೆ ಸಂದೇಹ ಕರಗಿತು. ಆದರೆ ಪಾತ್ರೆಯಲ್ಲಿ ಹುಟ್ಟುವ ಸರಪಳಿಗಳ ಉದ್ದ ಒಂದೇ ಸಮನಾಗಿರುವುದಿಲ್ಲ. ಎಷ್ಟು ಉದ್ದದವು ಎಷ್ಟು? ನೂಲಿನ ಬಲ ಇದನ್ನೇ ಅವಲಂಬಿಸಿದ್ದರಿಂದ ಕಂಪನಿಗೆ ಈ ಪ್ರಶ್ನೆ ಮುಖ್ಯವಾಗಿತ್ತು.

ಅಣು ಉದ್ದವಾದಂತೆ ಅದರ ತುದಿಯ ಕ್ರಿಯಾಶೀಲತೆ ಕುಗ್ಗುತ್ತದೆ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಫ್ಲೋರಿ ಅದನ್ನು ಒಪ್ಪಲಿಲ್ಲ. ರೈಲು ಬೋಗಿಯ ಕೊಂಡಿಗೆ ತನ್ನ ಹಿಂದೆ ಹತ್ತು ಬೋಗಿಗಳಿವೆಯೋ ನೂರಿವೆಯೋ ಗೊತ್ತಿರುವುದಿಲ್ಲ; ಸರಪಳಿಯ ತುದಿಯೂ ಹಾಗೆಯೇ ಎಂದರು. ಹಾಗಿದ್ದರೆ ಲೆಕ್ಕ ಸಂಭವನೀಯತೆಯ ಸರಳ ಲೆಕ್ಕವಾಗುತ್ತದೆ. ಶೇಕಡ 98ರಷ್ಟು ತುದಿಗಳು ಕೂಡಿಕೊಂಡಿದ್ದರೆ ಸರಪಳಿಯ ಸರಾಸರಿ ಉದ್ದ 50 ಘಟಕಗಳು. ಶೇಕಡ 99 ಆದರೆ 100. ಕೊನೆಯ ಒಂದು ಶೇಕಡ ಉದ್ದವನ್ನು ಇಮ್ಮಡಿ ಮಾಡುತ್ತದೆ! ಸರಪಳಿಗಳ ಉದ್ದದ ಹಂಚಿಕೆಯನ್ನು ಹೀಗೆ ಪಡೆದ ಪ್ರಬಂಧ 1936ರಲ್ಲಿ ಪ್ರಕಟವಾದಾಗ ಫ್ಲೋರಿಗೆ 26 ವರ್ಷ.

ಕೆರೋಥರ್ಸ್ 1937ರ ಏಪ್ರಿಲ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮರುವರ್ಷ ಫ್ಲೋರಿ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ಎತ್ತಿಕೊಂಡದ್ದು ಜೆಲ್ ಆಗುವಿಕೆ. ಪ್ರತಿ ಘಟಕಕ್ಕೆ ಎರಡು ಕೈಗಳ ಬದಲು ಮೂರು ಕೈಗಳಿದ್ದರೆ ಸರಪಳಿ ಕವಲೊಡೆದು, ಒಂದು ಹಂತದಲ್ಲಿ ಇಡೀ ಪಾತ್ರೆಯಲ್ಲಿ ವ್ಯಾಪಿಸುವ ಒಂದೇ ಅಣು ಮೂಡುತ್ತದೆ. ಹರಿಯುತ್ತಿದ್ದ ದ್ರವ ಥಟ್ಟನೆ ಹರಿಯುವುದನ್ನು ನಿಲ್ಲಿಸುತ್ತದೆ. ಮೂರು ಕೈಗಳ ಘಟಕಗಳಷ್ಟೇ ಇದ್ದರೆ ಕೆರೋಥರ್ಸ್ ಲೆಕ್ಕದ ಪ್ರಕಾರ ಮೂರನೇ ಎರಡರಷ್ಟು ಕೈಗಳು ಕೂಡಿದಾಗ ಇದು ಆಗಬೇಕು. ಅರ್ಧದಷ್ಟು ಕೂಡಿದರೆ ಸಾಕು ಎಂದು ಫ್ಲೋರಿ 1941ರಲ್ಲಿ ತೋರಿಸಿದರು. ಗುರುವಿನ ಲೆಕ್ಕ ಸರಾಸರಿ ಅಣುವನ್ನು ನೋಡಿತ್ತು, ಶಿಷ್ಯನದು ಅತಿ ದೊಡ್ಡ ಅಣುವನ್ನು ಹುಡುಕಿತ್ತು. ಪ್ರಯೋಗದ ಬೆಲೆಗಳು ಫ್ಲೋರಿಯ ಬೆಲೆಗಿಂತ ತುಸು ಮೇಲೆ ಬರುತ್ತವೆ. ಕೆಲವು ಕೈಗಳು ತಮ್ಮದೇ ಅಣುವಿನ ಇನ್ನೊಂದು ಕೈ ಹಿಡಿದು ವ್ಯರ್ಥವಾಗುವುದೇ ಕಾರಣ.

1940ರಲ್ಲಿ ಮತ್ತೆ ಕಂಪನಿ. ಈ ಸಲ ಸ್ಟ್ಯಾಂಡರ್ಡ್ ಆಯಿಲ್‌ನ ಎಸ್ಸೊ ಪ್ರಯೋಗಾಲಯ. ಯುದ್ಧದ ಕಾಲ. 1942ರ ಆರಂಭದಲ್ಲಿ ಮಲಯ ಮತ್ತು ಡಚ್ ಈಸ್ಟ್ ಇಂಡೀಸ್ ಜಪಾನಿನ ವಶವಾದ ಮೇಲೆ ಅಮೆರಿಕಕ್ಕೆ ನೈಸರ್ಗಿಕ ರಬ್ಬರಿನ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಸಂಶ್ಲೇಷಿತ ರಬ್ಬರು ತುರ್ತು ಅಗತ್ಯವಾಯಿತು. ಇಂಥ ಒತ್ತಡದ ನಡುವೆಯೇ ಫ್ಲೋರಿ ಪಾಲಿಮರ್ ದ್ರಾವಣಗಳ ಎಂಟ್ರೊಪಿಯನ್ನು ಲೆಕ್ಕ ಹಾಕಿದರು. ಚದುರಂಗದ ಮನೆಗಳಂಥ ಜಾಲರಿಯಲ್ಲಿ ಉದ್ದನೆಯ ಸರಪಳಿಯನ್ನು ಎಷ್ಟು ಬಗೆಯಲ್ಲಿ ಕೂರಿಸಬಹುದು ಎಂಬ ಎಣಿಕೆ ಅದು. ಇದೇ ಫಲಿತಾಂಶವನ್ನು ಸ್ವತಂತ್ರವಾಗಿ ಪಡೆದ ಮಾರಿಸ್ ಹಗಿನ್ಸ್ ಕೊಡಾಕ್ ಕಂಪನಿಯಲ್ಲಿದ್ದರು. ಇಂದು ಎಲ್ಲ ಪಠ್ಯಗಳಲ್ಲಿರುವ ಫ್ಲೋರಿ–ಹಗಿನ್ಸ್ ಸಿದ್ಧಾಂತದ ಇಬ್ಬರು ಕರ್ತೃಗಳೂ ಆಗ ಕಂಪನಿ ನೌಕರರು! 1943ರಿಂದ ಐದು ವರ್ಷ ಫ್ಲೋರಿ ಆಕ್ರನ್‌ನ ಗುಡ್‌ಇಯರ್ ಟೈರ್ ಕಂಪನಿಯಲ್ಲಿದ್ದರು.

ಭೌತವಿಜ್ಞಾನದ ಮೇಷ್ಟರಾದ ನನಗೆ ಅತ್ಯಂತ ಇಷ್ಟವಾದದ್ದು ಇದರ ಮುಂದಿನ ಘಟ್ಟ. ಪೀಟರ್ ಡಿಬೈ ಅವರ ಆಹ್ವಾನದ ಮೇಲೆ 1948ರಲ್ಲಿ ಫ್ಲೋರಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಮಾಲೆ ನೀಡಿದರು. ಆ ವರ್ಷವೇ ಅಲ್ಲಿ ಪ್ರಾಧ್ಯಾಪಕರಾದರು. ಉಪನ್ಯಾಸಗಳ ದಿನಗಳಲ್ಲಿ ಒಂದು ಹಳೆಯ ತೊಡಕಿಗೆ ದಾರಿ ಹೊಳೆಯಿತು. ಸರಪಳಿ ಕುಡುಕನ ನಡಿಗೆಯಂತೆ ಗೊತ್ತುಗುರಿಯಿಲ್ಲದೆ ತಿರುಗಿದರೆ ಅದರ ಹರವು ಕೊಂಡಿಗಳ ಸಂಖ್ಯೆಯ ವರ್ಗಮೂಲದಷ್ಟು: 10,000 ಕೊಂಡಿಗಳಿಗೆ 100 ಕೊಂಡಿಗಳಷ್ಟು ಉದ್ದ. ಆದರೆ ಒಂದು ಕೊಂಡಿ ಇರುವ ಜಾಗದಲ್ಲಿ ಇನ್ನೊಂದು ಇರಲಾಗದು. ಆದ್ದರಿಂದ ಸುರುಳಿ ಉಬ್ಬುತ್ತದೆ. ಎಷ್ಟು?

ಫ್ಲೋರಿ ಎರಡು ಬಲಗಳನ್ನು ತೂಗಿದರು. ಕೊಂಡಿಗಳ ಪರಸ್ಪರ ವಿಕರ್ಷಣೆಯ ಶಕ್ತಿ ಕೊಂಡಿಗಳ ಸಂಖ್ಯೆಯ ವರ್ಗವನ್ನು ಹರವಿನ ಘನದಿಂದ ಭಾಗಿಸಿದಷ್ಟು. ಹಿಗ್ಗಿದ ಸರಪಳಿಯನ್ನು ಎಂಟ್ರೊಪಿ ಹಿಂದಕ್ಕೆಳೆಯುತ್ತದೆ. ಇದರ ಬೆಲೆ ಹರವಿನ ವರ್ಗವನ್ನು ಕೊಂಡಿಗಳ ಸಂಖ್ಯೆಯಿಂದ ಭಾಗಿಸಿದಷ್ಟು. (ರಬ್ಬರ್ ಬ್ಯಾಂಡನ್ನು ಥಟ್ಟನೆ ಹಿಗ್ಗಿಸಿ ತುಟಿಗೆ ತಾಗಿಸಿ ನೋಡಿ, ಬೆಚ್ಚಗಿರುತ್ತದೆ. ಎಂಟ್ರೊಪಿಯ ಈ ಎಳೆತವನ್ನು ಪರಿಚಯಿಸಲು ತರಗತಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಬೇಡ.) ಎರಡರ ಮೊತ್ತ ಕನಿಷ್ಠವಾಗುವಂತೆ ಮಾಡಿದರೆ ಹರವಿನ ಐದನೇ ಘಾತವು ಸಂಖ್ಯೆಯ ಮೂರನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಘಾತಾಂಕ 1/2 ಅಲ್ಲ, 3/5. ಅದೇ 10,000 ಕೊಂಡಿಗಳ ಸುರುಳಿ ಸುಮಾರು 250 ಕೊಂಡಿಗಳಷ್ಟು ಹರಡುತ್ತದೆ. ದ್ವಿತೀಯ ಬಿ.ಎಸ್ಸಿ. ವಿದ್ಯಾರ್ಥಿ ಕಾಗದದ ಮೇಲೆ ಮಾಡಬಹುದಾದ ಲೆಕ್ಕ! ಮುಂದೆ ಫ್ರಾನ್ಸಿನ ಡಿ ಜೆನ್ 1972ರಲ್ಲಿ ಈ ಸಮಸ್ಯೆಯನ್ನು ಕಾಂತೀಯ ಪ್ರಾವಸ್ಥಾ ಬದಲಾವಣೆಯ ಗಣಿತಕ್ಕೆ ಜೋಡಿಸಿದರು. ನಿಖರ ಲೆಕ್ಕಗಳು ಕೊಡುವ ಬೆಲೆ ಸುಮಾರು 0.588. ಫ್ಲೋರಿಯ ಎರಡೂ ಅಂದಾಜುಗಳಲ್ಲಿ ದೋಷವಿದೆ, ಒಂದು ಇನ್ನೊಂದನ್ನು ಬಹುಪಾಲು ಅಳಿಸಿಹಾಕುತ್ತದೆ.

ದ್ರಾವಕ ಅಷ್ಟೇನೂ ಒಗ್ಗದಿದ್ದರೆ ಕೊಂಡಿಗಳ ನಡುವಣ ಆಕರ್ಷಣೆಯೂ ವಿಕರ್ಷಣೆಯೂ ಸರಿದೂಗುವ ಒಂದು ತಾಪವಿರುತ್ತದೆ. ಸೈಕ್ಲೊಹೆಕ್ಸೇನ್‌ನಲ್ಲಿ ಕರಗಿದ ಪಾಲಿಸ್ಟೈರೀನ್‌ಗೆ ಇದು ಸುಮಾರು 34 ಡಿಗ್ರಿ ಸೆಲ್ಸಿಯಸ್. ಫ್ಲೋರಿ ಇದನ್ನು ಥೀಟಾ ತಾಪ ಎಂದರು. ಅಲ್ಲಿ ಸುರುಳಿ ಮತ್ತೆ ಕುಡುಕನ ನಡಿಗೆಗೆ ಮರಳುತ್ತದೆ. ಶ್ಯಾವಿಗೆಯಂತೆ ಹೆಣೆದುಕೊಂಡ ಶುದ್ಧ ಪಾಲಿಮರ್‌ನಲ್ಲೂ ಪ್ರತಿ ಸರಪಳಿ ಹಾಗೆಯೇ ಇರುತ್ತದೆ ಎಂದು ಅವರು ಹೇಳಿದ್ದನ್ನು ಅನೇಕರು ನಂಬಿರಲಿಲ್ಲ. 1970ರ ದಶಕದ ನ್ಯೂಟ್ರಾನ್ ಚದರಿಕೆ ಪ್ರಯೋಗಗಳು ಅದನ್ನು ದೃಢಪಡಿಸಿದವು.

1957ರಲ್ಲಿ ಅವರು ಪಿಟ್ಸ್‌ಬರ್ಗ್‌ನ ಮೆಲನ್ ಇನ್‌ಸ್ಟಿಟ್ಯೂಟ್‌ನ ಸಂಶೋಧನಾ ನಿರ್ದೇಶಕರಾದದ್ದು ಅಲ್ಲಿ ಮೂಲಭೂತ ಸಂಶೋಧನೆಯನ್ನು ವಿಸ್ತಾರವಾಗಿ ಕಟ್ಟುವ ಆಸೆಯಿಂದ. ಆ ಅವಕಾಶ ಕೈತಪ್ಪಿತು. 1961ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು. ನೊಬೆಲ್ ತಂದ ಪ್ರಭಾವವನ್ನು ಸೋವಿಯತ್ ಒಕ್ಕೂಟದಲ್ಲಿ ಕಿರುಕುಳಕ್ಕೊಳಗಾದ ವಿಜ್ಞಾನಿಗಳ ಪರವಾಗಿ ಬಳಸಿದರು. ಹಾಗಾಗಿ ವಿದ್ಯಾರ್ಥಿಗಳ ಪ್ರಶ್ನೆಗೆ ಅವರ ಬದುಕು ಒಂದೇ ಮಾತಿನ ಉತ್ತರ ಕೊಡುವುದಿಲ್ಲ. ಮೂಲಭೂತ ಕೆಲಸಕ್ಕೆಂದೇ ಹೋದ ಸಂಸ್ಥೆ ನಿರಾಸೆ ತಂದಿತು. ನೂಲು ಮಾರುವ ಕಂಪನಿ ಪ್ರಬಂಧ ಪ್ರಕಟಿಸಲು ಬಿಟ್ಟಿತು. 1975ರಲ್ಲಿ ನಿವೃತ್ತರಾದ ಮೇಲೆ ಫ್ಲೋರಿ ಐಬಿಎಂ ಕಂಪನಿಗೆ ಸಲಹೆಗಾರರಾದರು. 1985ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯದ ಬಿಗ್ ಸರ್‌ನಲ್ಲಿ ತೀರಿಕೊಂಡರು.