ಕೂ, ಅರಟ್ಟೈ ಮತ್ತು ಅಮ್ಮನ ಹಪ್ಪಳ

ಚೆನ್ನೈಗೆ ಬಂದ ಹೊಸದರಲ್ಲಿ ‘ಅರಟ್ಟೈ’ ಅನ್ನೋ ಪದ ಕಿವಿಗೆ ಬಿದ್ದಾಗ ಅರ್ಥ ಯಾರೂ ಹೇಳಿಕೊಡಬೇಕಾಗಲಿಲ್ಲ. ನಮ್ಮ ಹರಟೆ ತಾನೇ! ಇಲ್ಲಿನ ಜೋಹೋ ಕಂಪನಿ ಅದೇ ಹೆಸರಿನ ಮೆಸೇಜಿಂಗ್ ಆ್ಯಪನ್ನು 2021ರಲ್ಲಿ ಬಿಟ್ಟಿತು.

ನನ್ನ ಮನಸ್ಸು ಮಾತ್ರ ಬೆಂಗಳೂರಿನ ‘ಕೂ’ ಮೇಲೇ ಇತ್ತು. ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದಾವತ್ಕಾ ಕಟ್ಟಿದ ಈ ಆ್ಯಪ್ 2020ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ. ನಾವು ಸಾಫ್ಟ್‌ವೇರ್‌ನವರು ಭಾಷೆಯ ಕೆಲಸವನ್ನು ಕೊನೆಯ ಸ್ಪ್ರಿಂಟ್‌ಗೆ ತಳ್ಳುವ ಜನ. ಹಾಗಾಗಿ ನನಗಂತೂ ಮೈ ಜುಮ್ಮೆಂದಿತು. ಊರಿಗೆ ಹೋದಾಗ ಅಮ್ಮನ ಫೋನಿಗೂ ಹಾಕಿಕೊಟ್ಟೆ.

ಒಂದು ಹಂತದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಬಳಕೆದಾರರನ್ನು ಕಂಡ ಕೂ, 2024ರ ಜುಲೈನಲ್ಲಿ ಬಾಗಿಲು ಹಾಕಿತು. ಕೋಡ್ ಕೆಟ್ಟಿತ್ತು ಅಂತಲ್ಲ. ಇಂಥ ಆ್ಯಪ್‌ಗೆ ಜನ ಸೇರಿದಷ್ಟೂ ಸರ್ವರ್ ಖರ್ಚು ಏರುತ್ತೆ. ಆದಾಯ ಶುರುವಾಗೋಕೆ ವರ್ಷಗಳೇ ಬೇಕು. ಕೂ ನಡೆದದ್ದು ಹೂಡಿಕೆದಾರರ ದುಡ್ಡಲ್ಲಿ. ಅದು ಬತ್ತಿತು, ಬೇರೆ ಕಂಪನಿಗಳ ಜತೆಗಿನ ಮಾತುಕತೆಯೂ ಮುರಿಯಿತು.

ಜೋಹೋ ಹಾಗಲ್ಲ. ಬೇರೆ ಸಾಫ್ಟ್‌ವೇರ್ ಮಾರಿ ಬಂದ ಸ್ವಂತ ದುಡ್ಡಲ್ಲೇ ಅರಟ್ಟೈಯನ್ನು ನಾಲ್ಕು ವರ್ಷ ಸದ್ದಿಲ್ಲದೆ ಸಾಕಿತು. 2025ರ ಸೆಪ್ಟೆಂಬರ್‌ನಲ್ಲಿ, ಮೂರೇ ದಿನದಲ್ಲಿ, ದಿನದ ಹೊಸ ನೋಂದಣಿ 3,000ದಿಂದ 3,50,000ಕ್ಕೆ ಹಾರಿತು ಅಂದರು ಶ್ರೀಧರ್ ವೆಂಬು. ಆ ವಾರ ಅವರ ಸರ್ವರ್ ತಂಡಕ್ಕೆ ನಿದ್ದೆ ಇತ್ತೋ ಇಲ್ಲವೋ!

ಈಗ ಅಮ್ಮನ ಫೋನಲ್ಲೂ ಅರಟ್ಟೈ ಇದೆ. ಅವಳ ಬಾಯಲ್ಲಿ ಅದು ‘ಹರಟೆ’ಯೇ. ಆದರೆ ಕೂನಲ್ಲಿ ತಾನು ಬರೆದಿದ್ದ ಹಲಸಿನ ಹಪ್ಪಳದ ವಿಧಾನ ಎಲ್ಲಿ ಹೋಯ್ತು ಅಂತ ಇವತ್ತಿಗೂ ಕೇಳ್ತಾಳೆ. ನಾನು ಬ್ಯಾಕಪ್ ತೆಗೆದಿರಲಿಲ್ಲ.