ಭಟ್ಕಳ: ಬಂದರು, ಬಸದಿ, ವ್ಯಾಕರಣ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ರಾತ್ರಿ ಬಸ್ಸೇರಿ ಮುರುಡೇಶ್ವರಕ್ಕೆ ಹೋಗುವ ಯಾತ್ರಿಕರು ಅನೇಕರು. ಅದೇ ತಾಲ್ಲೂಕಿನ ಕೇಂದ್ರವಾದ ಭಟ್ಕಳವನ್ನು ನೋಡಲೆಂದೇ ಇಳಿಯುವವರು ವಿರಳ. ನಮ್ಮ ಬಡಾವಣೆಯೊಂದು ಯಾವ ಸಾಮ್ರಾಜ್ಯದ ಹೆಸರನ್ನು ಹೊತ್ತಿದೆಯೋ ಆ ವಿಜಯನಗರಕ್ಕೆ ಕಡಲಾಚೆಯ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ಅದಕ್ಕಿಂತ ಮಿಗಿಲಾಗಿ, ಕನ್ನಡ ಸಾಹಿತ್ಯದ ಅಭ್ಯಾಸಿಗಳು ಕಣ್ಣಾರೆ ಕಾಣಬೇಕಾದ ಊರು ಇದು.

ಕ್ರಿ.ಶ. 1502ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಅಕ್ಕಿಯ ಕಪ್ಪವನ್ನು ಬಲವಂತವಾಗಿ ಗೊತ್ತುಪಡಿಸಿದನು. 1542ರಲ್ಲಿ ಪೋರ್ಚುಗೀಸರು ಪಟ್ಟಣವನ್ನು ಸುಟ್ಟರು. ಇಷ್ಟಾದರೂ ಊರು ಬಹುಬೇಗ ಚೇತರಿಸಿಕೊಂಡಿತೆಂಬುದಕ್ಕೆ ಕಲ್ಲಿನ ಸಾಕ್ಷಿಗಳಿವೆ. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಖೇತಪೈ ಎಂಬ ವರ್ತಕನ ನಾರಾಯಣ ದೇವಾಲಯ, ಇವೆರಡೂ ಆ 16ನೇ ಶತಮಾನದವೇ. ಜೈನ ಬಸದಿ ಮತ್ತು ವೈಷ್ಣವ ದೇವಾಲಯಗಳ ಮತಭೇದವನ್ನು ಅವುಗಳ ಮೇಲ್ಛಾವಣಿ ಅರಿಯದು: ಕರಾವಳಿಯ ಮಳೆಗೆ ತಕ್ಕಂತೆ ಎರಡಕ್ಕೂ ಇಳಿಜಾರಾಗಿ ಹೊದಿಸಿದ ಕಲ್ಲಿನ ಚಪ್ಪಡಿಗಳು. ಮರದ ಮನೆಯ ವಿನ್ಯಾಸವನ್ನೇ ಶಿಲ್ಪಿಗಳು ಕಲ್ಲಿನಲ್ಲಿ ಪಡಿಮೂಡಿಸಿದ್ದಾರೆ. ಖೇತಪೈ ದೇವಾಲಯದ ಹೊರಗೋಡೆಯ ರಾಮಾಯಣದ ಉಬ್ಬುಶಿಲ್ಪಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲದೆ ಮುಂದುವರಿಯಲಾಗದು.

ಈ ಕಟ್ಟಡಗಳ ಹಿಂದಿದ್ದುದು ಬಂದರಿನ ವ್ಯಾಪಾರ, ಘಟ್ಟದ ಕರಿಮೆಣಸು. ನಗಿರೆ ಮತ್ತು ಹಾಡುವಳ್ಳಿಯ ಜೈನ ಅರಸುಮನೆತನಗಳೂ ಆ ಸಂಪತ್ತಿನಿಂದಲೇ ಬಾಳಿದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿಯೆಂದೇ ಕರೆದರು. ಆದರೆ ಆ ಮೆಣಸು ಹಡಗನ್ನಷ್ಟೇ ತುಂಬಲಿಲ್ಲ, ವಿದ್ವತ್ತಿಗೂ ಆಸರೆಯಾಯಿತು. ಸಾಳ್ವಮಲ್ಲನ ಆಶ್ರಯದಲ್ಲಿ ಸಾಳ್ವ ಕವಿ ಜೈನ ಪರಂಪರೆಯ ಭಾರತವನ್ನು ಷಟ್ಪದಿಯಲ್ಲಿ ರಚಿಸಿದನು. ಸಂಗೀತಪುರವೆಂದು ಖ್ಯಾತವಾದ ಹಾಡುವಳ್ಳಿಯ ಮಠದ ಶಿಷ್ಯಪರಂಪರೆಗೆ ಸೇರಿದ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ಸಂಸ್ಕೃತದಲ್ಲಿರುವ 592 ಸೂತ್ರಗಳ ಈ ಗ್ರಂಥವು ಕನ್ನಡವು ಶಾಸ್ತ್ರಕ್ಕೆ ಯೋಗ್ಯವಲ್ಲವೆಂಬ ಪಂಡಿತರ ಆಕ್ಷೇಪಕ್ಕೆ ಅವರದೇ ಭಾಷೆಯಲ್ಲಿ ಕೊಟ್ಟ ಉತ್ತರ.

ಭಟ್ಟಾಕಳಂಕನಿಂದಲೇ ಭಟ್ಕಳಕ್ಕೆ ಆ ಹೆಸರು ಬಂದಿತೆಂಬ ಮಾತು ಪ್ರಚಾರದಲ್ಲಿದೆ. ಕೇಳಲು ಹಿತವಾದ ಮಾತು. ಜೈನರಾದ ನಮಗೆ ಇನ್ನೂ ಹಿತ. ಆದರೆ ಈ ವೈಯಾಕರಣನ ಕೃತಿಗೆ ನೂರು ವರ್ಷಗಳ ಮೊದಲೇ ಪೋರ್ಚುಗೀಸರ ದಾಖಲೆಗಳಲ್ಲಿ ಊರಿನ ಹೆಸರು ಬರುತ್ತದೆ. ಅಭಿಮಾನವು ಕಾಲಕ್ರಮವನ್ನು ಮೀರಬಾರದು. ಹೆಸರಿನ ಋಣ ಇಲ್ಲದಿದ್ದರೂ ಈ ಸೀಮೆಯ ಬಂದರಿಗೂ ವ್ಯಾಕರಣಕ್ಕೂ ನಿಜವಾದ ನಂಟಿದೆ. ಆ ನಂಟನ್ನು ಹೇಳಲು ಕಲ್ಪಿತ ವ್ಯುತ್ಪತ್ತಿಯ ಅಗತ್ಯವಿಲ್ಲ.

ವ್ಯಾಕರಣ ಪೂರ್ಣಗೊಂಡ ಕೆಲವೇ ವರ್ಷಗಳಲ್ಲಿ ಚೆನ್ನಭೈರಾದೇವಿಯ ರಾಜ್ಯವು ಕೆಳದಿಯ ವೆಂಕಟಪ್ಪ ನಾಯಕನ ವಶವಾಯಿತು. ಭಟ್ಕಳಕ್ಕೆ ಹೋಗುವವರು ಬಸದಿಯನ್ನೂ ದೇವಾಲಯವನ್ನೂ ಒಂದೇ ದಿನ ಜೊತೆಜೊತೆಗೆ ನೋಡಲಿ. ಬಳಿಕ ಒಳನಾಡಿನ ಹಾಡುವಳ್ಳಿಗೂ ಹೋಗಿ, ಅಲ್ಲಿಯ ಚತುರ್ವಿಂಶತಿ ತೀರ್ಥಂಕರ ಬಸದಿಯ ಮುಂದೆ ನಿಂತು, ತರಗತಿಯಲ್ಲಿ ಓದಿದ ಆ ಸೂತ್ರಗಳು ಯಾವ ಮಳೆಯ ಸೀಮೆಯಲ್ಲಿ ಹುಟ್ಟಿದವೆಂಬುದನ್ನು ಕಂಡು ಬರಲಿ.