ಸಬ್‌ವೂಫರ್ ಸಹಿತ ಕಂಪ್ಯೂಟರ್ ಧ್ವನಿವರ್ಧಕ ವ್ಯವಸ್ಥೆ

ಸಬ್‌ವೂಫರ್ ಸಹಿತ ಕಂಪ್ಯೂಟರ್ ಧ್ವನಿವರ್ಧಕ ವ್ಯವಸ್ಥೆಯು ಮೇಜಿನ ಮೇಲಿಡುವ ಎರಡು ಚಿಕ್ಕ ಸ್ಪೀಕರುಗಳನ್ನೂ, ಮಂದ್ರ ಧ್ವನಿಗಾಗಿಯೇ ಮೀಸಲಾದ ಒಂದು ದೊಡ್ಡ ಪೆಟ್ಟಿಗೆಯನ್ನೂ ಒಳಗೊಂಡ ಧ್ವನಿ ಉಪಕರಣವಾಗಿದೆ. ಮಾರುಕಟ್ಟೆಯಲ್ಲಿ ಇದು 2.1 ಎಂಬ ಹೆಸರಿನಿಂದ ಪರಿಚಿತ. ಇಲ್ಲಿ ಮೊದಲ ಅಂಕಿಯು ಎಡ ಮತ್ತು ಬಲ ಸ್ಪೀಕರುಗಳನ್ನೂ, ಚುಕ್ಕಿಯ ನಂತರದ ಅಂಕಿಯು ಸಬ್‌ವೂಫರನ್ನೂ ಸೂಚಿಸುತ್ತದೆ. ಸಬ್‌ವೂಫರ್ ಇಲ್ಲದ ಜೋಡಿಯನ್ನು 2.0 ಎಂದೂ, ಐದು ಸ್ಪೀಕರುಗಳೊಂದಿಗೆ ಸಬ್‌ವೂಫರ್ ಇರುವ ವ್ಯವಸ್ಥೆಯನ್ನು 5.1 ಎಂದೂ ಕರೆಯುತ್ತಾರೆ.

ಹಿನ್ನೆಲೆ

ಇಂದಿನ ಬಹುತೇಕ ಸ್ಪೀಕರುಗಳ ಮೂಲ ರಚನೆಯು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಅವರು 1925ರಲ್ಲಿ ಪ್ರಕಟಿಸಿದ ಚಲಿಸುವ ತಂತಿಸುರುಳಿಯ ವಿನ್ಯಾಸವನ್ನು ಆಧರಿಸಿದೆ. ಚಿಕ್ಕ ಪೆಟ್ಟಿಗೆಯಿಂದ ಆಳವಾದ ಧ್ವನಿಯನ್ನು ಪಡೆಯುವ ಪ್ರಯತ್ನದಲ್ಲಿ 1954 ಮಹತ್ವದ ವರ್ಷ. ಆ ವರ್ಷ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಅವರು ಸ್ಥಾಪಿಸಿದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯು, ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸುವ ಸ್ಪೀಕರನ್ನು ತಯಾರಿಸಿತು. ಮುಂದೆ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಅವರ ಸಂಶೋಧನೆಗಳಿಂದ ಪೆಟ್ಟಿಗೆಯ ಗಾತ್ರವನ್ನು ಲೆಕ್ಕಹಾಕಿ ನಿರ್ಧರಿಸುವುದು ಸಾಧ್ಯವಾಯಿತು.

1981ರ ಐಬಿಎಂ ಪಿಸಿಯಲ್ಲಿ ಸರಳ ಸದ್ದುಗಳನ್ನು ಹೊರಡಿಸುವ ಒಂದು ಚಿಕ್ಕ ಒಳ ಸ್ಪೀಕರ್ ಮಾತ್ರ ಇತ್ತು. 1987ರ ಆಡ್‌ಲಿಬ್ ಹಾಗೂ 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯು ಹೊರತಂದ ಸೌಂಡ್ ಬ್ಲಾಸ್ಟರ್ ಕಾರ್ಡುಗಳು ಕಂಪ್ಯೂಟರಿಗೆ ಸಂಗೀತವನ್ನು ತಂದವು. 1990ರ ದಶಕದಲ್ಲಿ ಸಿಡಿ-ರಾಮ್ ಮತ್ತು ಆಟಗಳು ಜನಪ್ರಿಯವಾದಂತೆ ಹೊರಗಿನ ಸ್ಪೀಕರುಗಳಿಗೂ ಬೇಡಿಕೆ ಹೆಚ್ಚಿತು.

ಕಾರ್ಯವಿಧಾನ

ಮನುಷ್ಯನ ಕಿವಿಯು ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗಿನ ಆವರ್ತನಗಳನ್ನು ಗ್ರಹಿಸಬಲ್ಲದು. ಆವರ್ತನ ಕಡಿಮೆಯಾದಂತೆ ಸ್ಪೀಕರು ಹೆಚ್ಚು ಗಾಳಿಯನ್ನು ತಳ್ಳಬೇಕಾಗುತ್ತದೆ. ಧ್ವನಿಯ ಮಟ್ಟ ಬದಲಾಗದಂತೆ ಆವರ್ತನವನ್ನು ಅರ್ಧಕ್ಕಿಳಿಸಿದರೆ ಸ್ಪೀಕರಿನ ಶಂಕುವು ನಾಲ್ಕು ಪಟ್ಟು ದೂರ ಚಲಿಸಬೇಕು. ಐದಾರು ಸೆಂಟಿಮೀಟರ್ ಅಗಲದ ಮೇಜಿನ ಸ್ಪೀಕರಿಗೆ ಇದು ಅಸಾಧ್ಯ. ತಬಲಾದ ಡಗ್ಗಾ, ಮೃದಂಗದ ಎಡಭಾಗ, ಬಾಸ್ ಗಿಟಾರ್ ಇವುಗಳ ಗಂಭೀರ ನಾದ ಚಿಕ್ಕ ಸ್ಪೀಕರುಗಳಲ್ಲಿ ತೆಳುವಾಗಿ ಕೇಳಿಸುವುದು ಈ ಕಾರಣದಿಂದಲೇ. ನಾಲ್ಕು ತಂತಿಗಳ ಬಾಸ್ ಗಿಟಾರಿನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಜ್.

ಧ್ವನಿಯನ್ನು ಹಂಚುವ ವಿದ್ಯುನ್ಮಂಡಲಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಒಂದು ನಿಗದಿತ ಆವರ್ತನಕ್ಕಿಂತ ಕೆಳಗಿನ ಧ್ವನಿಯನ್ನು ಅದು ಸಬ್‌ವೂಫರಿಗೂ, ಮೇಲಿನದನ್ನು ಚಿಕ್ಕ ಸ್ಪೀಕರುಗಳಿಗೂ ಕಳುಹಿಸುತ್ತದೆ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಧ್ವನಿ ಎತ್ತಣಿಂದ ಬರುತ್ತಿದೆ ಎಂದು ಗುರುತಿಸುವುದು ಕಿವಿಗೆ ಕಷ್ಟ. ಆದ್ದರಿಂದಲೇ ಒಂದೇ ಪೆಟ್ಟಿಗೆ ಸಾಕಾಗುತ್ತದೆ ಮತ್ತು ಅದನ್ನು ಮೇಜಿನ ಕೆಳಗೆ ಇಡಬಹುದು.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಚಿಕ್ಕ ಸ್ಪೀಕರುಗಳ ಗುಣಮಟ್ಟ: ಮಾತು, ಹಾಡುಗಾರಿಕೆ ಮತ್ತು ಹೆಚ್ಚಿನ ವಾದ್ಯಗಳ ಧ್ವನಿ ಮುಖ್ಯವಾಗಿ ಇವುಗಳಿಂದಲೇ ಹೊರಡುತ್ತದೆ. ಇವು ತೀರ ಚಿಕ್ಕದಾಗಿದ್ದರೆ ತಯಾರಕರು ಕ್ರಾಸ್‌ಓವರನ್ನು 150 ಹರ್ಟ್ಜ್ ಅಥವಾ ಅದಕ್ಕೂ ಮೇಲಕ್ಕೆ ಏರಿಸಬೇಕಾಗುತ್ತದೆ. ಗಂಡಸರ ಮಾತಿನ ಮೂಲ ಆವರ್ತನ ಬಹುಮಟ್ಟಿಗೆ 85ರಿಂದ 180 ಹರ್ಟ್ಜ್‌ಗಳ ನಡುವೆ ಇರುವುದರಿಂದ, ಅಂತಹ ವ್ಯವಸ್ಥೆಯಲ್ಲಿ ಮಾತಿನ ಒಂದು ಭಾಗ ಮೇಜಿನ ಕೆಳಗಿನಿಂದ ಬಂದಂತೆ ಭಾಸವಾಗುತ್ತದೆ. ಖರೀದಿಗೆ ಮುನ್ನ ಪರಿಚಿತವಾದ ಒಂದು ಹಾಡನ್ನೂ, ವಾರ್ತಾವಾಚನದಂತಹ ಸರಳ ಮಾತನ್ನೂ ಕೇಳಿ ನೋಡಿದರೆ ಈ ದೋಷ ತಿಳಿಯುತ್ತದೆ.

ವಿದ್ಯುತ್ ಸಾಮರ್ಥ್ಯ: ನಿರಂತರವಾಗಿ ನೀಡಬಲ್ಲ ಸಾಮರ್ಥ್ಯವನ್ನು ಆರ್‌ಎಂಎಸ್ ವ್ಯಾಟ್‌ಗಳಲ್ಲಿ ನಮೂದಿಸುವುದು ವಾಡಿಕೆ. ಪಿಎಂಪಿಒ ಎಂಬ ಅಂಕಿಗೆ ಒಪ್ಪಿತವಾದ ಅಳತೆಯ ವಿಧಾನವೇ ಇಲ್ಲ. ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಒ ಎಂದು ಮುದ್ರಿತವಾಗಿದ್ದರೂ ಅದರಿಂದ ಏನೂ ತಿಳಿಯುವುದಿಲ್ಲ. ಹೊರಗಿನ ಅಡಾಪ್ಟರಿನಿಂದ ನಡೆಯುವ ವ್ಯವಸ್ಥೆಗಳಲ್ಲಿ ಸರಳವಾದ ಒಂದು ಪರೀಕ್ಷೆ ಸಾಧ್ಯ. ಅಡಾಪ್ಟರಿನ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಅದು ಒದಗಿಸಬಲ್ಲದ್ದು 24 ವ್ಯಾಟ್ ಮಾತ್ರ. ಸ್ಪೀಕರುಗಳ ನಿರಂತರ ಸಾಮರ್ಥ್ಯ ಅದನ್ನು ಮೀರಲಾರದು. ಯುಎಸ್‌ಬಿ 2.0 ಕಿಂಡಿಯ ಮಿತಿ 5 ವೋಲ್ಟ್, 0.5 ಆಂಪಿಯರ್, ಅಂದರೆ ಎರಡೂವರೆ ವ್ಯಾಟ್.

ವ್ಯಾಟ್ ದ್ವಿಗುಣವಾದರೆ ಧ್ವನಿಯ ಮಟ್ಟ ಕೇವಲ 3 ಡೆಸಿಬೆಲ್ ಏರುತ್ತದೆ. ಧ್ವನಿ ಎರಡು ಪಟ್ಟು ಜೋರಾಯಿತು ಎಂದು ಕಿವಿಗೆ ಅನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಿದ್ಯುತ್ ಬೇಕು. ಕೈಯಳತೆಯ ದೂರದಲ್ಲಿ ಕುಳಿತು ಕೇಳುವವರಿಗೆ 20 ಮತ್ತು 30 ವ್ಯಾಟ್‌ಗಳ ನಡುವಿನ ವ್ಯತ್ಯಾಸ ಅತ್ಯಲ್ಪ.

ಆವರ್ತನ ವ್ಯಾಪ್ತಿ: 20ರಿಂದ 20,000 ಹರ್ಟ್ಜ್ ಎಂಬ ಬರಹಕ್ಕೆ, ಆ ವ್ಯಾಪ್ತಿಯಲ್ಲಿ ಧ್ವನಿ ಎಷ್ಟು ಡೆಸಿಬೆಲ್ ಏರಿಳಿಯುತ್ತದೆ ಎಂಬ ವಿವರ ಜೊತೆಗಿದ್ದರೆ ಮಾತ್ರ ಅರ್ಥವಿದೆ. ಆಳವಾದ ಮಂದ್ರ, ಚಿಕ್ಕ ಪೆಟ್ಟಿಗೆ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಧ್ವನಿ ಈ ಮೂರನ್ನೂ ಒಟ್ಟಿಗೆ ಪಡೆಯಲಾಗದು ಎಂಬ ತತ್ತ್ವವನ್ನು ಹಾಫ್‌ಮನ್‌ನ ಕಠಿಣ ನಿಯಮವೆಂದು ಕರೆಯುತ್ತಾರೆ.

ಪೆಟ್ಟಿಗೆಯ ಬಗೆ: ಮುಚ್ಚಿದ ಪೆಟ್ಟಿಗೆಯಲ್ಲಿ ತಾಳದ ಪೆಟ್ಟುಗಳು ಸ್ಪಷ್ಟವಾಗಿ ಬಂದು ಬೇಗ ನಿಲ್ಲುತ್ತವೆ. ಕೊಳವೆಯಿರುವ ಪೆಟ್ಟಿಗೆಯು ಅದೇ ವಿದ್ಯುತ್ತಿನಲ್ಲಿ ಹೆಚ್ಚು ಮಂದ್ರವನ್ನು ನೀಡುತ್ತದೆ. ವಿನ್ಯಾಸ ಸರಿಯಿಲ್ಲದಿದ್ದರೆ ಒಂದೇ ಸ್ವರ ಗುಂಯ್‌ಗುಡುವ ಅಥವಾ ಗಾಳಿ ಊದುವ ಸದ್ದು ಕೇಳಿಬರಬಹುದು.

ಸಂಪರ್ಕ ಮತ್ತು ನಿಯಂತ್ರಣ: ಮೇಜಿನ ಕಂಪ್ಯೂಟರುಗಳಲ್ಲಿ ಸ್ಪೀಕರಿನ 3.5 ಮಿ.ಮೀ. ಕಿಂಡಿಗೆ ಸಾಮಾನ್ಯವಾಗಿ ತಿಳಿಹಸಿರು ಬಣ್ಣವಿರುತ್ತದೆ. ಬ್ಲೂಟೂತ್ ಸಂಪರ್ಕದಲ್ಲಿ ಧ್ವನಿ ತುಸು ತಡವಾಗಿ ತಲುಪುವುದರಿಂದ ಆಟಗಳಿಗೂ, ಸಂಗೀತದ ಧ್ವನಿಮುದ್ರಣ ಕೆಲಸಕ್ಕೂ ತಂತಿಯ ಸಂಪರ್ಕವೇ ಸೂಕ್ತ. ಮಂದ್ರದ ಪ್ರಮಾಣವನ್ನು ಪ್ರತ್ಯೇಕವಾಗಿ ಹೊಂದಿಸುವ ಗುಂಡಿಯು ಕೈಗೆಟಕುವಂತಿರಬೇಕು. ಮೆಲುದನಿಯಲ್ಲಿ ಕೇಳುವಾಗ ಮಂದ್ರ ಸ್ವರಗಳು ಇತರ ಸ್ವರಗಳಿಗಿಂತ ಹೆಚ್ಚು ಕ್ಷೀಣವಾಗಿ ಕೇಳಿಸುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಆದ್ದರಿಂದ ಹಗಲಿಗೆ ಹೊಂದಿದ್ದು ರಾತ್ರಿಯ ಮೆಲುದನಿಗೆ ಹೊಂದುವುದಿಲ್ಲ.

ಇರಿಸುವ ಸ್ಥಳ

50 ಹರ್ಟ್ಜ್ ಧ್ವನಿಯ ತರಂಗಾಂತರ ಸುಮಾರು 6.9 ಮೀಟರ್, ಅದು ಸಾಮಾನ್ಯ ಕೋಣೆಗಿಂತ ಉದ್ದ. ಗೋಡೆಗಳ ನಡುವೆ ಪ್ರತಿಫಲಿಸುವ ಇಂತಹ ಧ್ವನಿಯು ಕೋಣೆಯ ಕೆಲವೆಡೆ ಉಬ್ಬಿ, ಕೆಲವೆಡೆ ಅಡಗುತ್ತದೆ. ಮೂರು ಮೀಟರ್ ಅಂತರದ ಎದುರುಬದುರು ಗೋಡೆಗಳ ನಡುವೆ ಇಂತಹ ಮೊದಲ ಅನುರಣನ ಸುಮಾರು 57 ಹರ್ಟ್ಜ್‌ನಲ್ಲಿ ಉಂಟಾಗುತ್ತದೆ. ಮೂಲೆಯಲ್ಲಿಟ್ಟ ಸಬ್‌ವೂಫರು ಹೆಚ್ಚು ಜೋರಾಗಿ, ಆದರೆ ಅಸ್ಪಷ್ಟವಾಗಿ ಕೇಳಿಸಬಹುದು. ಸಬ್‌ವೂಫರನ್ನು ತಾತ್ಕಾಲಿಕವಾಗಿ ಕುರ್ಚಿಯ ಮೇಲಿರಿಸಿ, ನೆಲದ ಮೇಲೆ ಬೇರೆ ಬೇರೆ ಕಡೆ ಕುಳಿತು ಕೇಳಿ, ಮಂದ್ರ ಸಮನಾಗಿ ಕೇಳಿಸಿದ ಜಾಗದಲ್ಲಿ ಅದನ್ನಿಡುವುದು ಪ್ರಚಲಿತ ವಿಧಾನ. ಹಾಡು ನಿಂತಾಗಲೂ ಗುಂಯ್ ಎಂಬ ಸದ್ದು ಉಳಿದರೆ, ಕಂಪ್ಯೂಟರನ್ನೂ ಸ್ಪೀಕರನ್ನೂ ಒಂದೇ ವಿದ್ಯುತ್ ಹಲಗೆಗೆ ಜೋಡಿಸಿ ನೋಡಬಹುದು.

ಶ್ರವಣ ಸುರಕ್ಷತೆ ಮತ್ತು ನೆರೆಹೊರೆ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಟ್ಟ ಏರಿದಂತೆ ಸುರಕ್ಷಿತ ಅವಧಿ ವೇಗವಾಗಿ ಕುಗ್ಗುತ್ತದೆ. ಕಿವಿಯ ಒಳಭಾಗದ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ.

ಮಂದ್ರ ಧ್ವನಿಯು ಗೋಡೆ ಮತ್ತು ನೆಲಗಳನ್ನು ಸುಲಭವಾಗಿ ದಾಟುತ್ತದೆ. ಕೇಳುಗನಿಗೆ ಹಿತವೆನಿಸುವ ಹಾಡು ಪಕ್ಕದ ಮನೆಯವರಿಗೆ ಬರಿಯ ಗುದ್ದಿನಂತೆ ಕೇಳಿಸಬಹುದು. ಭಾರತದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಲ್ಲಿ ಹಗಲಿಗೆ 55 ಮತ್ತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿಯನ್ನು ನಿಗದಿಪಡಿಸಿವೆ. ದಪ್ಪ ರಬ್ಬರಿನ ಪಾದಗಳು ನೆಲಕ್ಕೆ ನೇರವಾಗಿ ತಲುಪುವ ಕಂಪನವನ್ನು ತಗ್ಗಿಸುತ್ತವೆಯೇ ಹೊರತು ಗಾಳಿಯ ಮೂಲಕ ಹರಡುವ ಧ್ವನಿಯನ್ನು ತಡೆಯಲಾರವು.

ಪರ್ಯಾಯಗಳು

ಸಬ್‌ವೂಫರ್ ಇದ್ದಮಾತ್ರಕ್ಕೆ ಧ್ವನಿ ಉತ್ತಮವಾಗುವುದಿಲ್ಲ. ಸೀಮಿತ ಬೆಲೆಯಲ್ಲಿ ಮೂರು ಪೆಟ್ಟಿಗೆಗಳನ್ನು ಒದಗಿಸುವಾಗ ಪ್ರತಿಯೊಂದರ ಗುಣಮಟ್ಟದಲ್ಲೂ ರಾಜಿಯಾಗುವ ಸಾಧ್ಯತೆ ಹೆಚ್ಚು. ಶಾಸ್ತ್ರೀಯ ಗಾಯನ, ಪಾಠ ಮತ್ತು ಮಾತುಕತೆಗಳನ್ನೇ ಹೆಚ್ಚಾಗಿ ಕೇಳುವವರಿಗೆ ಅದೇ ಬೆಲೆಯ ಉತ್ತಮ 2.0 ಜೋಡಿ ಮೇಲೆನಿಸಬಹುದು. ವಿದ್ಯಾರ್ಥಿನಿಲಯದಂತಹ ಹಂಚಿಕೊಂಡ ಕೋಣೆಗಳಲ್ಲಿ ಹೆಡ್‌ಫೋನ್ ಸೂಕ್ತ. ಚಲನಚಿತ್ರ, ಆಟ ಮತ್ತು ಲಯಪ್ರಧಾನ ಸಂಗೀತಕ್ಕೆ ಒತ್ತು ಕೊಡುವವರಿಗೆ, ಜಾಗ ಹಾಗೂ ನೆರೆಹೊರೆಯ ಅನುಕೂಲವಿದ್ದಲ್ಲಿ, 2.1 ವ್ಯವಸ್ಥೆಯು ಪೂರ್ಣ ಪ್ರಯೋಜನ ನೀಡುತ್ತದೆ.